ಗುದ್ದಲಿ ಹಾಕುವ ಮೊದಲು ಊರನ್ನು ತಿಳಿಯುವುದು: ಪುರಾತತ್ವದ ಕ್ಷೇತ್ರಕಾರ್ಯಕ್ಕೆ ಮಾನವಶಾಸ್ತ್ರದ ಮಾರ್ಗದರ್ಶಿ

ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಸ್ಮಾರಕ ಎಲ್ಲಿ ಮುಗಿಯುತ್ತದೆ, ಊರು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಜಿನಾಲಯ, ಕಾಶಿವಿಶ್ವೇಶ್ವರ ಮತ್ತು ನನ್ನೇಶ್ವರ ಗುಡಿಗಳು, ಮುಸುಕಿನ ಬಾವಿ, ಇವೆಲ್ಲವೂ ಜನ ಬಾಳುವೆ ಮಾಡುತ್ತಿರುವ ಓಣಿಗಳ ಆಸುಪಾಸಿನಲ್ಲೇ ಇವೆ. ಊರಿಗೆ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತು ಅಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಬಹುತೇಕ ನೆಲೆಗಳ ಸ್ಥಿತಿ ಹೀಗೆಯೇ. ಇಲ್ಲಿ ಅಗೆಯಬೇಕಾದ ನೆಲ ಯಾರದೋ ಹೊಲವಾಗಿರುತ್ತದೆ, ಓದಬೇಕಾದ ಶಾಸನ ಯಾರದೋ ಮನೆಯ ಹೊಸ್ತಿಲಾಗಿರುತ್ತದೆ, ಅಳೆಯಬೇಕಾದ ವೀರಗಲ್ಲು ಯಾರಿಗೋ ಮನೆದೇವರಾಗಿರುತ್ತದೆ. ಆದ್ದರಿಂದ ನಮ್ಮ ಭಾಗದಲ್ಲಿ ಪುರಾತತ್ವದ ಕೆಲಸ ಮಾಡಹೊರಟವರು ಜೀವಂತ ಸಮಾಜವನ್ನು ಅರಿಯುವ ಶಾಸ್ತ್ರವಾದ ಸಾಂಸ್ಕೃತಿಕ ಮಾನವಶಾಸ್ತ್ರವನ್ನು ಕೊನೆಯ ಅಧ್ಯಾಯಕ್ಕೆ ಮೀಸಲಿಡದೆ ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಬೇಕು. ಇದು ಸೌಜನ್ಯದ ಮಾತು ಮಾತ್ರವಲ್ಲ. ಊರಿನವರ ತಿಳಿವಳಿಕೆ ಇಲ್ಲದಿದ್ದರೆ ಟ್ರೆಂಚಿನೊಳಗಿನ (ಅಗೆತಕ್ಕೆ ತೋಡಿದ ಕಂದಕದೊಳಗಿನ) ಅರ್ಧ ಸಾಕ್ಷ್ಯವನ್ನು ತಪ್ಪಾಗಿ ಓದುತ್ತೇವೆ, ಊರಿನವರ ನಂಬಿಕೆ ಇಲ್ಲದಿದ್ದರೆ ಉಳಿದರ್ಧ ನಾವು ಹೊರಟ ಮರುವಾರವೇ ಕಾಣೆಯಾಗುತ್ತದೆ.

ಸ್ನಾತಕೋತ್ತರ ವಿದ್ಯಾರ್ಥಿಗಳು, ಸಂಶೋಧಕರು ಮತ್ತು ಸ್ಥಳೀಯ ಇತಿಹಾಸದ ಆಸಕ್ತರನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ನಡೆಯುವ ಕ್ರಮದಲ್ಲಿಯೇ ಇದನ್ನು ಬರೆಯಲಾಗಿದೆ.

ಹಂತ 1: ಕಾಗದಪತ್ರ

ಯಾವುದೇ ಅಗೆತಕ್ಕೆ ಸರ್ಕಾರದ ಪರವಾನಗಿ ಬೇಕು. ಪ್ರಾಚೀನ ಸ್ಮಾರಕಗಳ ಕುರಿತ 1958ರ ಕೇಂದ್ರ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರವೂ ಕೇಂದ್ರದ ಪೂರ್ವಾನುಮತಿ ಇಲ್ಲದೆ ಉತ್ಖನನ ಕೈಗೊಳ್ಳುವಂತಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬುದು 1992ರ ಅಧಿಸೂಚನೆಯಿಂದ ಬಂದು, 2010ರ ತಿದ್ದುಪಡಿಯಿಂದ ಕಾಯ್ದೆಯೊಳಗೇ ಸೇರಿದ ನಿಯಮ. ಭಾರತೀಯ ಪುರಾತತ್ವ ಸರ್ವೇಕ್ಷಣದ ಧಾರವಾಡ ವಲಯ ಕಚೇರಿ, ರಾಜ್ಯ ಪುರಾತತ್ವ ಇಲಾಖೆ, ಕರ್ನಾಟಕ ವಿಶ್ವವಿದ್ಯಾಲಯದ ಸಂಬಂಧಪಟ್ಟ ವಿಭಾಗಗಳು ಮತ್ತು 1939ರಿಂದ ಕೆಲಸ ಮಾಡುತ್ತಿರುವ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಇವು ಮೊದಲು ಭೇಟಿ ಕೊಡಬೇಕಾದ ಜಾಗಗಳು. ಹೊಲದ ಮಾಲೀಕನಿಗೆ ಅಗೆತದಿಂದ ಆಗುವ ಹಾನಿಗೆ ಪರಿಹಾರ ಕೊಡಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಇದನ್ನು ಆತ ಕೇಳುವ ಮೊದಲೇ ನೀವಾಗಿ ಹೇಳಿದರೆ ಮುಂದಿನ ಎಷ್ಟೋ ಜಗಳಗಳು ತಪ್ಪುತ್ತವೆ.

ಹಂತ 2: ಕಟ್ಟೆಯ ಮೇಲೆ ಕೂಡುವುದು

ಪರವಾನಗಿ ಕೈಗೆ ಬಂದ ಕೂಡಲೇ ಜೀಪಿನಲ್ಲಿ ಸಲಕರಣೆ ತುಂಬಿಕೊಂಡು ಊರಿಗೆ ನುಗ್ಗುವುದು ನಮ್ಮಲ್ಲಿ ಬೇರೂರಿದ ಕೆಟ್ಟ ಪದ್ಧತಿ. ಅಗೆತಕ್ಕೆ ಕನಿಷ್ಠ ಒಂದು ಹಂಗಾಮು ಮೊದಲೇ ಊರಿಗೆ ಬರಿಗೈಯಲ್ಲಿ ಹೋಗಿ, ಅಗಸಿಯ ಕಟ್ಟೆ, ಚಹಾದಂಗಡಿ, ಹಿಟ್ಟಿನ ಗಿರಣಿ, ಗುಡಿಯ ಪೌಳಿ ಇಂಥ ಕಡೆ ಕುಳಿತು ಮಾತಾಡಬೇಕು. ಮೊದಲು ಎದುರಾಗುವ ಪ್ರಶ್ನೆ ಯಾವುದೆಂದು ಈಗಲೇ ಹೇಳಬಹುದು: "ಏನ್ರೀ ಸಾಹೇಬ್ರ, ನಿಧಿ ಹುಡಕಾಕ ಬಂದೀರೇನು?" ಇದನ್ನು ನಕ್ಕು ತಳ್ಳಿಹಾಕಬಾರದು. ಅಮಾವಾಸ್ಯೆಯ ರಾತ್ರಿ ಬಂದು ಗುಡಿಯ ಪಾಣಿಪೀಠವನ್ನೇ ಕಿತ್ತು ಹೋದ ನಿಧಿಗಳ್ಳರ ಕಥೆ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾದ್ದರಿಂದ, ಅಪರಿಚಿತರು ಹಳೆಯ ಕಲ್ಲಿನ ಸುತ್ತ ಟೇಪು ಹಿಡಿದು ತಿರುಗಿದರೆ ಅನುಮಾನ ಬರುವುದು ನ್ಯಾಯವೇ. ಯಾರು ಕಳಿಸಿದ್ದಾರೆ, ಹಣ ಯಾರದು, ಏನು ಹುಡುಕುತ್ತಿದ್ದೇವೆ, ಬಂಗಾರ ಸಿಕ್ಕರೆ ಏನಾಗುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ನೇರ ಉತ್ತರವನ್ನು ತಯಾರಿಟ್ಟುಕೊಳ್ಳಿ. ಕೊನೆಯದಕ್ಕೆ ಉತ್ತರ ಕಾನೂನಿನಲ್ಲೇ ಇದೆ. ನೆಲದಡಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1962ರ ಕರ್ನಾಟಕ ನಿಧಿ ಕಾಯ್ದೆ ಹೇಳುತ್ತದೆ.

ಊರಿನ ಪರವಾಗಿ ಮಾತಾಡುವವರು ಯಾರು ಎಂಬುದು ಇನ್ನೂ ಸೂಕ್ಷ್ಮ. ಗೌಡರು, ಪಂಚಾಯಿತಿ ಅಧ್ಯಕ್ಷರು, ಮಠದ ಹಿರಿಯರು ಒಪ್ಪಿದರೆ ಊರು ಒಪ್ಪಿತು ಎಂದುಕೊಳ್ಳುವುದು ಅಧಿಕಾರಿಯ ಲೆಕ್ಕವೇ ಹೊರತು ಮಾನವಶಾಸ್ತ್ರಜ್ಞನ ಲೆಕ್ಕವಲ್ಲ. ಒಂದೊಂದು ಓಣಿಗೂ ಒಂದೊಂದು ನೆನಪಿರುತ್ತದೆ. ಕುರಿ ಕಾಯುವವರಿಗೆ ಗುಡ್ಡದ ಕಲ್ಲಾಸರೆಗಳೆಲ್ಲ ಗೊತ್ತು. ಕಲ್ಲು ಒಡೆಯುವ, ಬಾವಿ ತೋಡುವ ಭೋವಿಗಳಿಗೆ ಯಾವ ಆಳದಲ್ಲಿ ಯಾವ ಮಣ್ಣು ಸಿಗುತ್ತದೆಂಬುದು ಗೊತ್ತು. ಕುಂಬಾರರು ಮಡಕೆಯ ಚೂರನ್ನು ಬೆರಳಿನಿಂದ ತಟ್ಟಿ ಸುಟ್ಟ ಹದ ಹೇಳುತ್ತಾರೆ. ಕಟ್ಟೆಗೆ ಬಾರದ ಹೆಣ್ಣುಮಕ್ಕಳ ಮಾತನ್ನು ಕೇಳಲು ತಂಡದಲ್ಲಿ ಹೆಣ್ಣುಮಕ್ಕಳೇ ಇರಬೇಕು, ಅವರು ಹಿತ್ತಲಿಗೆ, ನೀರಿನ ಟಾಕಿಯ ಹತ್ತಿರಕ್ಕೆ, ಕಳೆ ತೆಗೆಯುವ ಹೊಲಕ್ಕೆ ಹೋಗಿ "ಅವ್ವಾರ, ಈ ಕಲ್ಲಿಗೆ ಯಾವಾಗ ಎಡಿ ಹಿಡೀತೀರಿ?" ಎಂದು ಕೇಳಬೇಕು. ಸುಗ್ಗಿಯ ನಂತರ ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರು ಸಿಕ್ಕರಂತೂ ಬಿಡಬೇಡಿ. ಯಾವ ಮನೆತನ ಯಾವ ಊರಿನಿಂದ ಬಂತು, ಹಳೆಯ ಊರು ಏಕೆ ಹಾಳುಬಿತ್ತು ಎಂಬುದು ಅವರ ಹೊತ್ತಿಗೆಯಲ್ಲಿ ಮತ್ತು ಬಾಯಲ್ಲಿ ಇರುತ್ತದೆ. ಆದರೆ ವಂಶಾವಳಿ ಹೇಳಿಸಿಕೊಂಡ ಮನೆಯ ಇಂದಿನ ಘನತೆಗೆ ತಕ್ಕಂತೆ ಹಿಂದಿನ ಕಥೆಯೂ ಬೆಳೆದಿರಬಹುದೆಂಬ ಎಚ್ಚರ ಇರಲಿ.

ಹಂತ 3: ಹೊಲಗಳ ಹೆಸರು ಮತ್ತು ಹಾಳುಮಣ್ಣು

ಮೇಲ್ಮೈ ಶೋಧನೆಗೆ ಹೊರಡುವಾಗ ಊರ ನಕಾಶೆ ಮತ್ತು ಸರ್ವೇ ನಂಬರುಗಳ ಜೊತೆಗೆ ಜನ ಬಳಸುವ ಹೊಲದ ಹೆಸರುಗಳನ್ನೂ ಬರೆದುಕೊಳ್ಳಿ. ಹಾಳೂರ ಹೊಲ, ಬಸದಿ ಹೊಲ, ಆವಿಗೆ ದಿಬ್ಬ, ಕೋಟೆ ಹಿತ್ತಲು ಇಂಥ ಹೆಸರುಗಳು ಸರ್ಕಾರಿ ಪಹಣಿಯಲ್ಲಿ ಇರುವುದಿಲ್ಲ, ಕೂಲಿಗೆ ಹೋಗುವವರ ಬಾಯಲ್ಲಿರುತ್ತವೆ. ಹಳೆಯ ದಿಬ್ಬಗಳ ಬೂದು ಬಣ್ಣದ ಹಾಳುಮಣ್ಣನ್ನು ಹೊಲಕ್ಕೆ ಗೊಬ್ಬರವಾಗಿ, ಮಣ್ಣಿನ ಮಾಳಿಗೆಗೆ ಹೊದಿಕೆಯಾಗಿ ಹೊತ್ತೊಯ್ಯುವ ರೂಢಿ ನಮ್ಮಲ್ಲಿ ಹಳೆಯದು. ಇದರಿಂದ ಎರಡು ಸಂಗತಿ ತಿಳಿಯಬೇಕು. ಹಾಳುಮಣ್ಣು ಎಲ್ಲಿಂದ ತರುತ್ತಿದ್ದರು ಎಂದು ಹಿರಿಯರನ್ನು ಕೇಳಿದರೆ ಹಳೆಯ ನೆಲೆ ನೇರವಾಗಿ ಸಿಗುತ್ತದೆ. ಹಾಗೆಯೇ, ಹೊಲವೊಂದರಲ್ಲಿ ಮಡಕೆ ಚೂರು ಬಿದ್ದಿದ್ದ ಮಾತ್ರಕ್ಕೆ ಅಲ್ಲಿ ಜನವಸತಿ ಇತ್ತೆಂದು ತೀರ್ಮಾನಿಸಲಾಗದು, ಗೊಬ್ಬರದ ಬಂಡಿಯಲ್ಲಿ ಬಂದ ಚೂರೂ ಇರಬಹುದು. ಇದನ್ನು ಯಾವ ಉಪಗ್ರಹ ಚಿತ್ರವೂ ಹೇಳುವುದಿಲ್ಲ.

ಹಂತ 4: ಊರಿನ ಪಂಚಾಂಗಕ್ಕೆ ಕೆಲಸ ಹೊಂದಿಸುವುದು

ಹಿಂಗಾರಿ ಜೋಳ, ಕಡಲೆ, ಕುಸುಬೆಯ ಸುಗ್ಗಿ ಮುಗಿದು ಮಳೆ ಬೀಳುವವರೆಗಿನ ಅವಧಿಯೇ ಎರೆಭೂಮಿಯಲ್ಲಿ ಅಗೆತದ ಕಾಲ. ಅದೇ ಜಾತ್ರೆಗಳ ಕಾಲವೂ ಹೌದು. ದ್ಯಾಮವ್ವನ ಜಾತ್ರೆಗೆ ಮುನ್ನ ಊರಿನಲ್ಲಿ ವಾರ ಹಿಡಿದರೆ (ದೇವಿಯ ಹೆಸರಿನಲ್ಲಿ ಕೆಲವು ದಿನ ದುಡಿಮೆ ಬಿಟ್ಟರೆ) ಆ ದಿನಗಳಲ್ಲಿ ಕೆಲಸಕ್ಕೆ ಜನ ಬರುವುದಿಲ್ಲ, ಬರಲು ಒತ್ತಾಯಿಸಲೂಬಾರದು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಊರಿನಲ್ಲಿ ಮಣ್ಣು ಸಾಗಿಸಲು ಆ ದಿನ ಬಂಡಿ ಕೇಳಿದರೆ ನಿಮ್ಮ ಅಜ್ಞಾನವಷ್ಟೇ ಪ್ರಕಟವಾಗುತ್ತದೆ. ಮೊದಲ ಗುದ್ದಲಿಗೆ ತೆಂಗಿನಕಾಯಿ ಒಡೆಯಬೇಕೆಂದು ಕೆಲಸಗಾರರು ಬಯಸಿದರೆ ಒಡೆಯಲಿ, ಅದರಿಂದ ಸ್ತರವಿನ್ಯಾಸಕ್ಕೆ, ಅಂದರೆ ಮಣ್ಣಿನ ಪದರಗಳ ಜೋಡಣೆಗೆ, ಏನೂ ಆಗುವುದಿಲ್ಲ.

ಹಂತ 5: ಪೂಜೆಗೊಳ್ಳುವ ಕಲ್ಲುಗಳು

ನಮ್ಮ ಭಾಗದಲ್ಲಿ ವೀರಗಲ್ಲು, ಮಾಸ್ತಿಗಲ್ಲು, ನಿಸಿಧಿಗಳಿಗೆ (ತೀರಿಕೊಂಡ ಜೈನರ ನೆನಪಿನ ಕಲ್ಲುಗಳಿಗೆ) ಲೆಕ್ಕವಿಲ್ಲ. ಅವುಗಳಲ್ಲಿ ಎಷ್ಟೋ ಇಂದು ಬೇರೆ ಹೆಸರಿನ ದೇವರಾಗಿ ನಿಂತಿವೆ. ಇವನ್ನು ಓದಲು ಇತಿಹಾಸಕಾರನೂ ಮಾನವಶಾಸ್ತ್ರಜ್ಞನೂ ಕೂಡಿ ಕೂಡಬೇಕೆಂಬುದಕ್ಕೆ ಧಾರವಾಡದಲ್ಲೇ ಒಳ್ಳೆಯ ಮೇಲ್ಪಂಕ್ತಿ ಇದೆ. ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸಕಾರ ಷ. ಶೆಟ್ಟರ್ ಅವರೂ ಪಶುಪಾಲಕರ ದೈವಗಳನ್ನು ಅಧ್ಯಯನ ಮಾಡಿದ ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ ಅವರೂ ಸೇರಿ ಸ್ಮಾರಕಶಿಲೆಗಳ ಕುರಿತ ಲೇಖನಗಳ ಸಂಪುಟವನ್ನು 1982ರಲ್ಲಿ ಇಲ್ಲಿಂದಲೇ ಹೊರತಂದರು.

ಕ್ಷೇತ್ರದಲ್ಲಿ ಮಾಡಬೇಕಾದದ್ದು ಇಷ್ಟು. ಕಲ್ಲಿನ ಹತ್ತಿರ ಹೋಗುವ ಮೊದಲು ಅದಕ್ಕೆ ದಿನವೂ ನೀರು ಹಾಕುವವರು ಯಾರೆಂದು ತಿಳಿದುಕೊಳ್ಳಿ, ಚಪ್ಪಲಿ ಬಿಡಿ. ತಲೆಮಾರುಗಳಿಂದ ಸುರಿದ ಎಣ್ಣೆಯೂ ಅರಿಷಿಣ-ಕುಂಕುಮವೂ ಸುಣ್ಣವೂ ಗಟ್ಟಿಯಾಗಿ ಅಕ್ಷರಗಳನ್ನು ಮುಚ್ಚಿರುತ್ತವೆ. ಪಡಿಯಚ್ಚು (ಕಾಗದದ ಮೇಲೆ ಶಾಸನದ ಅಚ್ಚು) ತೆಗೆಯಲು ಅದನ್ನು ಬ್ರಷ್ಷಿನಿಂದ ಉಜ್ಜುವ ಆತುರ ಬೇಡ. ಮೊದಲು ಇದ್ದ ಸ್ಥಿತಿಯಲ್ಲೇ ಫೋಟೊ ತೆಗೆದು, ಯಾವ ಭಾಗಕ್ಕೆ ಎಣ್ಣೆ, ಯಾವ ಭಾಗಕ್ಕೆ ಕುಂಕುಮ, ಎದುರಿಗೆ ಏನೇನು ಇಟ್ಟಿದ್ದಾರೆ ಎಂದು ಬರೆದುಕೊಳ್ಳಿ. ಏಕೆಂದರೆ ಆ ಲೇಪವೂ ಕಲ್ಲಿನ ಚರಿತ್ರೆಯ ಒಂದು ಪದರವೇ. ಮೇಲಿನ ಪಟ್ಟಿಯ ಸೂರ್ಯ-ಚಂದ್ರರಿಗೂ ನಡುವಿನ ಪಟ್ಟಿಯ ಅಪ್ಸರೆಯರಿಗೂ ಏನೂ ಹಚ್ಚದೆ, ಕೆಳಗಿನ ಪಟ್ಟಿಯ ತುರುಗಳಿಗೆ ಮಾತ್ರ ಕುಂಕುಮ ಇಟ್ಟಿದ್ದರೆ, ಪೂಜಿಸುವವರ ಕಣ್ಣಿಗೆ ಆ ಕಲ್ಲು ಇಂದು ದನಗಳನ್ನು ಕಾಯುವ ದೈವ ಎಂದು ಊಹಿಸಲು ಆಧಾರ ಸಿಗುತ್ತದೆ, ಅಲ್ಲಿಂದ ಮುಂದಿನ ಪ್ರಶ್ನೆಯನ್ನು ಆ ಮನೆಯವರಿಗೇ ಕೇಳಬೇಕು. ಸ್ವಚ್ಛಗೊಳಿಸುವುದಕ್ಕೆ ಅವರೇ ಒಪ್ಪಿ, ಅವರೇ ನೀರು ತಂದು ತೊಳೆದುಕೊಟ್ಟರೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಒಪ್ಪದಿದ್ದರೆ ಇಳಿಬೆಳಕಿನಲ್ಲಿ ಓರೆಯಾಗಿ ಫೋಟೊ ತೆಗೆದು ಓದಲು ಪ್ರಯತ್ನಿಸಿ. ರಕ್ಷಣೆಯ ನೆಪದಲ್ಲಿ ಪೂಜೆಯ ಕಲ್ಲನ್ನು ಮ್ಯೂಜಿಯಂಗೆ ಸಾಗಿಸುವ ಮಾತನ್ನು ನೀವಾಗಿ ಎತ್ತಲೇಬಾರದು ಎಂಬುದು ನನ್ನ ಅಭಿಪ್ರಾಯ. ಪೂಜೆ ನಡೆಯುತ್ತಿರುವ ಕಲ್ಲಿಗೆ ಊರೇ ಕಾವಲುಗಾರ.

ಹಂತ 6: ಟ್ರೆಂಚಿನೊಳಗೆ ಊರಿನ ತಿಳಿವಳಿಕೆ

ಮಾನವಶಾಸ್ತ್ರದ ನಿಜವಾದ ಲಾಭ ಕಾಣುವುದು ಇಲ್ಲಿ. ಅಗೆತದಲ್ಲಿ ಪದೇಪದೇ ಎದುರಾಗುವ ಗುಂಡಿಗಳನ್ನೇ ನೋಡಿ. ಬಾಯಿ ಕಿರಿದು, ಹೊಟ್ಟೆ ಅಗಲ, ಒಳಗೆಲ್ಲ ಬೂದಿ, ಮೂಳೆ, ಒಡೆದ ಮಡಕೆ. ಪುಸ್ತಕ ಓದಿ ಬಂದ ವಿದ್ಯಾರ್ಥಿ ಇದನ್ನು ಕಸದ ಗುಂಡಿ ಎಂದು ಬರೆದು ಮುಂದೆ ಸಾಗುತ್ತಾನೆ. ನವಲಗುಂದ, ರೋಣದ ಎರೆಸೀಮೆಯ ಹಿರಿಯರೊಬ್ಬರನ್ನು ಟ್ರೆಂಚಿನ ಅಂಚಿಗೆ ಕರೆದು ನಿಲ್ಲಿಸಿದರೆ, ಅವರಿಗೆ ಮೊದಲು ನೆನಪಾಗುವುದು ಹಗೇವು. ಜೋಳವನ್ನು ವರ್ಷಗಟ್ಟಲೆ ಕಾಪಿಡಲು ನೆಲದಡಿ ತೋಡುತ್ತಿದ್ದ ಹಗೇವಿನ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಇರುತ್ತಿತ್ತು, ಗೋಡೆಗೆ ಸುತ್ತಲೂ ಕಣಿಕೆ, ಹೊಟ್ಟು ಒತ್ತಿ, ಕಾಳು ತುಂಬಿ, ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ಕಟ್ಟಿಕೊಂಡ ಗಾಳಿ ಉಸಿರುಗಟ್ಟಿಸುತ್ತದೆಂದು ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ನೀರು ಜಿನುಗಿ ಕೆಟ್ಟ ಹಗೇವನ್ನು ಮನೆಯ ಬೂದಿ, ಕಸದಿಂದ ತುಂಬಿಬಿಡುತ್ತಿದ್ದರು.

ಈ ವಿವರ ಕೇಳಿದ ಮೇಲೆ ಅದೇ ಗುಂಡಿಯನ್ನು ಅಗೆಯುವ ರೀತಿಯೇ ಬದಲಾಗುತ್ತದೆ. ನಡುವಿನ ಕಸ ಗುಂಡಿಯ ಕೊನೆಗಾಲದ್ದು, ಗುಂಡಿಯ ಉದ್ದೇಶ ತಿಳಿಯಬೇಕಾದರೆ ಗೋಡೆಗೆ ಅಂಟಿದ ತೆಳು ಪದರವನ್ನು ಪ್ರತ್ಯೇಕವಾಗಿ ಕೆರೆದು ಮಾದರಿ ತೆಗೆಯಬೇಕು, ಹೊಟ್ಟು-ಕಣಿಕೆ ಕೊಳೆತು ಹೋಗಿದ್ದರೂ ಅದರ ಸಿಲಿಕಾ ಕಣಗಳು ಸೂಕ್ಷ್ಮದರ್ಶಕದಲ್ಲಿ ಉಳಿದಿರುತ್ತವೆ. ಬಾಯಿಯ ಸುತ್ತ ಚಪ್ಪಡಿ ಕೂಡಿಸಿದ ಗುರುತಿದೆಯೇ ಎಂದೂ ನೋಡಬೇಕು. ನಡುವಿನ ಕಸದ ಕಾಲವನ್ನೇ ಗುಂಡಿಯ ಕಾಲವೆಂದು ಬರೆಯುವ ಪ್ರಮಾದವೂ ಹೀಗೆ ತಪ್ಪುತ್ತದೆ.

ಎರೆಮಣ್ಣಿನ ವಿಷಯವೂ ಅಂಥದ್ದೇ. ಬೇಸಿಗೆಯಲ್ಲಿ ಎರೆಹೊಲ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬಿ ಕೂಡಿಕೊಳ್ಳುತ್ತದೆ. ಮೇಲಿನ ಸ್ತರದ ಮಣಿಯೋ ನಾಣ್ಯವೋ ಬಿರುಕಿನಲ್ಲಿ ಜಾರಿ, ಅದಕ್ಕಿಂತ ಎಷ್ಟೋ ಹಳೆಯ ಸ್ತರದಲ್ಲಿ ಹೋಗಿ ಕೂತಿರುತ್ತದೆ. ಪ್ರತಿವರ್ಷ ಬಿರುಕು ಎಲ್ಲಿ ದೊಡ್ಡದಾಗಿ ಬೀಳುತ್ತದೆ ಎಂದು ಹೊಲದ ಒಡೆಯನನ್ನು ಕೇಳಿ ನಕ್ಷೆಯಲ್ಲಿ ಗುರುತು ಮಾಡಿಕೊಂಡು, ಆ ಗೆರೆಯ ಮೇಲೆ ಸಿಕ್ಕ ಸಣ್ಣ ವಸ್ತುಗಳನ್ನು ಕಾಲನಿರ್ಣಯಕ್ಕೆ ಆಧಾರ ಮಾಡಬೇಡಿ.

ಇನ್ನೊಂದು ಸಣ್ಣ ಉದಾಹರಣೆ. ಮಡಕೆಯ ಚೂರನ್ನು ಅಂಚು ತಿಕ್ಕಿ ದುಂಡಗೆ ಮಾಡಿದ ಬಿಲ್ಲೆಗಳು ಐತಿಹಾಸಿಕ ಕಾಲದ ನೆಲೆಗಳಲ್ಲಿ ಬುಟ್ಟಿಗಟ್ಟಲೆ ಸಿಗುತ್ತವೆ. ನೋಡಲು ಬಂದ ಶಾಲೆಯ ಹುಡುಗಿಯರು ಕುಂಟಾಬಿಲ್ಲೆ ಎಂದು ತಟ್ಟನೆ ಹೇಳಿಬಿಡುತ್ತಾರೆ, ಭಾರತದ ಉತ್ಖನನ ವರದಿಗಳೂ ಬಹಳ ಕಾಲದಿಂದ ಇವನ್ನು ಆಟದ ಬಿಲ್ಲೆಗಳೆಂದೇ ನಮೂದಿಸಿವೆ. ಇರಬಹುದು. ಆದರೆ ಅದೇ ಆಕಾರದ ಬಿಲ್ಲೆ ಗಡಿಗೆಯ ಮುಚ್ಚಳವಾಗಬಹುದು, ತೂಕದ ಕಲ್ಲಾಗಬಹುದು. ಒಂದೇ ಅಂಚು ಸವೆದಿದೆಯೇ, ಒಂದು ಮುಖ ಮಸಿ ಹಿಡಿದಿದೆಯೇ, ಒಂದೇ ಕಡೆ ಎಷ್ಟು ಸಿಕ್ಕಿವೆ ಎಂದು ನೋಡಿದ ನಂತರವೇ ಹೆಸರಿಡಬೇಕು.

ಹೀಗೆ ಇಂದಿನ ರೂಢಿಯಿಂದ ಹಿಂದಿನದನ್ನು ಊಹಿಸುವುದಕ್ಕೆ ಒಂದು ಶಿಸ್ತು ಬೇಕು. ನಮಗಿಂತ ಪೂರ್ವಕ್ಕಿರುವ ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳ, ಅಂದರೆ ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಬೂದಿಯ ರಾಶಿಗಳ, ಚರ್ಚೆ ಈ ಶಿಸ್ತನ್ನು ಕಲಿಯಲು ಅತ್ಯುತ್ತಮ ಪಾಠ. ತೆಲಂಗಾಣದ ಉಟ್ನೂರಿನ ಬೂದಿದಿಬ್ಬವನ್ನು 1957ರಲ್ಲಿ ಅಗೆದ ಎಫ್.ಆರ್. ಆಲ್ಚಿನ್ ಅವರಿಗೆ ಅಲ್ಲಿ ದನಗಳ ಗೊರಸಿನ ಗುರುತುಗಳೂ ದೊಡ್ಡಿಯ ಬೇಲಿಯ ಗೂಟದ ಕುಳಿಗಳೂ ಸಿಕ್ಕವು. ಸಗಣಿ ಮತ್ತೆಮತ್ತೆ ಸುಟ್ಟು ದಿಬ್ಬವಾಗಿದೆ ಎಂಬುದಕ್ಕೆ ಅದು ನೆಲದೊಳಗಿನ ಸಾಕ್ಷ್ಯ. ಏಕೆ ಸುಟ್ಟರು ಎಂಬ ಪ್ರಶ್ನೆಗೆ ಅವರು ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವಂಥ ಇಂದಿನ ಆಚರಣೆಗಳ ಕಡೆ ನೋಡಿದರು. ಮುಂದೆ ಸುರಪುರ ಸೀಮೆಯ ಬೂದಿಹಾಳದಲ್ಲಿ ವಿಸ್ತಾರವಾಗಿ ಅಗೆದ ಕೆ. ಪದ್ದಯ್ಯ ಅವರು ದೊಡ್ಡಿಯ ಜೊತೆಗೆ ವಸತಿಯ ಜಾಗವನ್ನೂ ಕಲ್ಲಿನ ಉಪಕರಣ ಮಾಡುವ ಜಾಗವನ್ನೂ ಗುರುತಿಸಿ, ಇಂದಿನ ಹಳ್ಳಿಗಳಲ್ಲಿ ಸಗಣಿಯನ್ನು ಒಟ್ಟುವ, ವಿಲೇವಾರಿ ಮಾಡುವ ರೀತಿಯನ್ನು ಗಮನಿಸಿ, ಹೆಚ್ಚು ದಿನನಿತ್ಯದ ವಿವರಣೆ ಕೊಟ್ಟರು. ಇಬ್ಬರೂ ಜೀವಂತ ಜನರನ್ನು ನೋಡಿಯೇ ವಾದ ಕಟ್ಟಿದರು, ಆದರೂ ಬೇರೆ ಬೇರೆ ಕಡೆ ತಲುಪಿದರು. ಹೋಲಿಕೆ ಪ್ರಶ್ನೆಯನ್ನು ಹುಟ್ಟಿಸುತ್ತದೆ, ಉತ್ತರವನ್ನು ಮಣ್ಣಿನಿಂದಲೇ ತೆಗೆಯಬೇಕು.

ಹಾವೇರಿ ಜಿಲ್ಲೆಯ ಹಳ್ಳೂರನ್ನು ಈ ದೃಷ್ಟಿಯಿಂದ ನೋಡಬಹುದು. ತುಂಗಭದ್ರೆಯ ದಡದ ಈ ನವಶಿಲಾಯುಗ-ಬೃಹತ್ ಶಿಲಾಯುಗದ ನೆಲೆಯನ್ನು ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ಅಗೆದರು. ಅಲ್ಲಿನ ಪ್ರಾಣಿಮೂಳೆಗಳಲ್ಲಿ ಕುದುರೆಯದನ್ನು ಗುರುತಿಸಿ ದೊಡ್ಡ ಚರ್ಚೆಗೆ ಕಾರಣರಾದ ಕೆ.ಆರ್. ಆಲೂರ ಅವರು ಪಶುವೈದ್ಯ ವಿಜ್ಞಾನಿ, ಅಂದರೆ ಜೀವಂತ ದನಕರುಗಳ ನಡುವೆ ಪಳಗಿದವರು. ಇಂದು ಆ ಸೀಮೆಯಲ್ಲಿ ನಿಂತು, ಇಲ್ಲಿನವರು ಆದಿಯಿಂದಲೂ ಜೋಳದ ರೊಟ್ಟಿಯನ್ನೇ ತಿಂದವರು ಎಂದು ಊಹಿಸುವುದು ಸುಲಭ. ಆದರೆ ಜೋಳದ ಮೂಲ ಆಫ್ರಿಕಾ. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ಕೊರಲೆಯಂಥ ಸಿರಿಧಾನ್ಯ, ಹುರುಳಿ, ಹೆಸರು ಮುಖ್ಯವಾಗಿವೆ. ಹಗೇವಿನ ಹೋಲಿಕೆಯನ್ನು ಅಷ್ಟು ಹಿಂದಕ್ಕೆ ಒಯ್ಯುವವರು ಅದರೊಳಗೆ ಜೋಳವನ್ನೂ ತುಂಬಿಬಿಡಬಾರದು.

ಹಂತ 7: ಮನುಷ್ಯರ ಮೂಳೆ ಸಿಕ್ಕಾಗ

ಅಣ್ಣಿಗೇರಿಯಲ್ಲಿ 2010ರಲ್ಲಿ ಚರಂಡಿಯ ಕೆಲಸದ ವೇಳೆ ನೂರಾರು ತಲೆಬುರುಡೆಗಳು ಹೊರಬಂದಾಗ ಜಿಲ್ಲೆಯೇ ಅಲ್ಲಿಗೆ ನೋಡಲು ಹೋಯಿತು. ಯುದ್ಧದ ಹತ್ಯಾಕಾಂಡವೇ, ಬರಗಾಲದ ಸಾವೇ ಎಂಬ ವಾದಗಳು ಪರೀಕ್ಷೆಗಳಿಗಿಂತ ಮುಂಚೆಯೇ ಬೆಳೆದವು. ಇಂಥ ಹೊತ್ತಿನಲ್ಲಿ ಮಾಡಬೇಕಾದ ಕ್ರಮ ಸರಳ: ಕೆಲಸ ನಿಲ್ಲಿಸಿ, ಪೊಲೀಸರಿಗೂ ಕಂದಾಯ ಇಲಾಖೆಗೂ ತಿಳಿಸಿ, ಜಾಗವನ್ನು ಮುಚ್ಚಿ, ಮೂಳೆತಜ್ಞರು ಬರುವವರೆಗೆ ಒಂದನ್ನೂ ಕದಲಿಸಬಾರದು. ಯಾರ ಪೂರ್ವಜರು, ಯಾವ ಜಾತಿ, ಯಾವ ಧರ್ಮ ಎಂಬ ಊಹೆಯನ್ನು ತಂಡದ ಯಾರೂ ಬಾಯಿಬಿಡಬಾರದು, ಅದು ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ಸತ್ಯವಾಗಿರುತ್ತದೆ. ಹೆಣದ ಮಣ್ಣನ್ನು ಮುಟ್ಟಲು ಒಲ್ಲದ ಕೆಲಸಗಾರರಿಗೆ ಬೇರೆ ಕೆಲಸ ಕೊಡಿ, ಅವರ ಕೂಲಿ ಕಡಿತವಾಗದಿರಲಿ. ಊರಿನವರು ಶಾಂತಿ ಮಾಡಿಸಬೇಕೆಂದರೆ ಜಾಗದ ಹೊರಗೆ ಮಾಡಿಸಲು ಅನುವು ಮಾಡಿಕೊಡಿ. ಮೂಳೆಗಳು ಎಲ್ಲಿಗೆ ಹೋಗುತ್ತವೆ, ಪರೀಕ್ಷೆಯ ನಂತರ ಏನಾಗುತ್ತದೆ ಎಂಬುದನ್ನು ಪಂಚಾಯಿತಿಗೆ ಬರಹದಲ್ಲಿ ಕೊಡಿ.

ಹಂತ 8: ಕೂಲಿ, ಲೆಕ್ಕ ಮತ್ತು ವದಂತಿ

ಬಟವಡೆ ಸಂತೆಯ ಹಿಂದಿನ ದಿನ ಆಗಬೇಕು. ಗಂಡಸರಿಗೂ ಹೆಂಗಸರಿಗೂ ಒಂದೇ ಕೂಲಿ ಇರಬೇಕು. ಜರಡಿ ಹಿಡಿದು ಮಣಿ ಹೆಕ್ಕುವ ಕಣ್ಣು ಹೆಂಗಸರದೇ ಆಗಿರುವಾಗ ಅವರನ್ನು ಬುಟ್ಟಿ ಹೊರುವುದಕ್ಕೆ ಮಾತ್ರ ಹಚ್ಚುವುದು ಅನ್ಯಾಯವೂ ನಷ್ಟವೂ ಹೌದು. ಒಂದೇ ಓಣಿಯವರಿಗೆ, ಒಂದೇ ಪಕ್ಷದವರಿಗೆ ಕೆಲಸ ಹೋಗದಂತೆ ಹೆಸರುಗಳನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ. ಪ್ರತಿ ಸಂಜೆ ಆ ದಿನ ಸಿಕ್ಕ ವಸ್ತುಗಳನ್ನು ಮೇಜಿನ ಮೇಲೆ ಹರಡಿ, ಬಂದವರೆಲ್ಲರಿಗೂ ತೋರಿಸಿ, ಅವರ ಎದುರಿಗೇ ರಿಜಿಸ್ಟರಿನಲ್ಲಿ ಬರೆದು, ಊರಿನ ಒಬ್ಬರ ಸಹಿ ಹಾಕಿಸಿ. "ಬಂಗಾರ ಸಿಕ್ಕೈತಂತ, ರಾತ್ರೋರಾತ್ರಿ ಧಾರವಾಡಕ್ಕ ಒಯ್ದಾರಂತ" ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಔಷಧ ನನಗೆ ತಿಳಿದಿಲ್ಲ. ನಾಣ್ಯ, ಲೋಹದ ವಸ್ತುಗಳನ್ನು ರಾತ್ರಿ ಊರಿನಲ್ಲಿ ಇಡುವುದಾದರೆ ಪೊಲೀಸ್ ಕಾವಲು ಕೇಳಿ.

ಹಂತ 9: ಮುಚ್ಚುವುದು ಮತ್ತು ಮರಳಿಸುವುದು

ಅಗೆದ ಟ್ರೆಂಚನ್ನು ಮಳೆಗಾಲಕ್ಕೆ ಮುನ್ನ ಮುಚ್ಚಿ, ಮೇಲಿನ ಫಲವತ್ತಾದ ಮಣ್ಣನ್ನು ಮೇಲೆಯೇ ಬರುವಂತೆ ಹರಡಿಕೊಡಬೇಕು. ಇದಕ್ಕಾಗಿ ಅಗೆಯುವಾಗಲೇ ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿರಬೇಕು. ಸಂರಕ್ಷಣೆಯ ನಿಯಮಗಳಿಂದ ಊರಿಗೆ ಆಗುವ ತೊಂದರೆಯನ್ನು ಮುಚ್ಚಿಡಬೇಡಿ. ಹುಬ್ಬಳ್ಳಿಯ ಉಣಕಲ್ಲಿನ ಚಂದ್ರಮೌಳೀಶ್ವರ ಗುಡಿಯ ಸುತ್ತ ಒತ್ತಾಗಿ ಕಟ್ಟಿಕೊಂಡ ಮನೆಗಳನ್ನು ನೋಡಿದವರಿಗೆ, ಒಂದು ಕೋಣೆ ಹೆಚ್ಚಿಗೆ ಕಟ್ಟಲಾರದ ಕುಟುಂಬಕ್ಕೆ 100 ಮೀಟರ್ ಎಂದರೆ ಏನೆಂದು ಅರ್ಥವಾಗುತ್ತದೆ. ಊರಿನ ದಿಬ್ಬ ನಾಳೆ ಸಂರಕ್ಷಿತ ನೆಲೆಯಾದರೆ ಯಾವ ಸರ್ವೇ ನಂಬರುಗಳಿಗೆ ಏನು ನಿರ್ಬಂಧ ಬರಬಹುದೆಂದು ಗ್ರಾಮಸಭೆಯಲ್ಲಿ ನಕ್ಷೆ ಹಿಡಿದು ಹೇಳಿ, ಬೈಗುಳ ಬಂದರೆ ಕೇಳಿಸಿಕೊಳ್ಳಿ.

ವರದಿ ಇಂಗ್ಲಿಷಿನಲ್ಲಿ ಅಚ್ಚಾಗಲಿ, ಆದರೆ ಅದರ ಸಾರಾಂಶ ಕನ್ನಡದಲ್ಲಿ, ಫೋಟೊಗಳ ಸಮೇತ, ಊರಿನ ಶಾಲೆಗೂ ಗ್ರಂಥಾಲಯಕ್ಕೂ ಪಂಚಾಯಿತಿಗೂ ತಲುಪಬೇಕು. ಹಗೇವಿನ ವಿವರ ಕೊಟ್ಟವರು, ಬಿರುಕಿನ ಗೆರೆ ತೋರಿಸಿದವರು, ಹೊಲದ ಹೆಸರು ಹೇಳಿದವರು ಒಪ್ಪಿದರೆ ಅವರ ಹೆಸರನ್ನು ಆಯಾ ಸಂಗತಿ ಬರುವ ಪುಟದಲ್ಲೇ ಕಾಣಿಸಿ. ಹೆಸರು ಬೇಡವೆಂದವರ ಮಾತನ್ನು ಹೆಸರಿಲ್ಲದೆಯೇ ಬಳಸಿ. ಇನ್ನೂ ಅಗೆಯದ ಜಾಗಗಳ ನಿಖರ ಗುರುತನ್ನು ಮಾತ್ರ ಊರಿಗೆ ಕೊಡುವ ಪ್ರತಿಯಲ್ಲಾಗಲಿ ಅಚ್ಚಾದ ವರದಿಯಲ್ಲಾಗಲಿ ಹಾಕಬೇಡಿ, ನಿಧಿಗಳ್ಳರೂ ವರದಿ ಓದುತ್ತಾರೆ.